ಹೋಗಿ ಬರುವ ಶಿಕ್ಕಾ

ತಿಕೋಟಾದ ಚಾದಂಗಡಿ ಸೈಫುದ್ದೀನನಿಗೆ ತಾನು ಇರಾಣಿ ಎಂಬುದು ವರ್ಷಕ್ಕೊಮ್ಮೆ ಮಾತ್ರ ನೆನಪಾಗುತ್ತಿತ್ತು. ಅದೂ ಸರಕಾರ ನೆನಪು ಮಾಡಿಕೊಟ್ಟರೆ. ವರ್ಷಕ್ಕೊಮ್ಮೆ ವಿಜಯಪುರದ ಕಚೇರಿಗೆ ಹೋಗಿ, ನಾನಿನ್ನೂ ಇಲ್ಲೇ ಇದ್ದೇನೆ, ಎಲ್ಲೂ ಓಡಿಹೋಗಿಲ್ಲ ಎಂದು ಮುಖ ತೋರಿಸಿ, ತನ್ನ ಇರಾಣಿ ಪಾಸ್‌ಪೋರ್ಟಿನ ಮೇಲೆ ಒಂದು ಶಿಕ್ಕಾ ಹೊಡೆಸಿಕೊಂಡು ಬರಬೇಕಿತ್ತು. ಆ ಒಂದು ದಿನ ಅವನು ಪರದೇಶಿ. ಮರುದಿನ ಬೆಳಿಗ್ಗೆ ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಕಿಟಲಿ ಹಿಡಿದು ನಿಂತನೆಂದರೆ ಮತ್ತೆ ತಿಕೋಟಾದವನೇ.

ಈ 'ಪರದೇಶಿ' ಎಂಬ ಮಾತು ಕೇಳಿದರೆ ಪಕ್ಕದ ಮನೆಯ ರುದ್ರವ್ವನಿಗೆ ಮೈ ಉರಿಯುತ್ತಿತ್ತು. "ಹೇಣ್ತಿ ಅದಾಳ, ಅಂಗಡಿ ಅದ, ಓಣಿ ತುಂಬ ಮಂದಿ ಅದೀವಿ. ಇಂಥವಗ ಪರದೇಶಿ ಅಂತಾರಂದ್ರ ಆ ಕಚೇರಿಯವರಿಗೆ ಕಣ್ಣ ಕಾಣಂಗಿಲ್ಲೇನ್ ಬೇ?" ಎಂದು ಸೈಫುದ್ದೀನನ ಹೆಂಡತಿ ಮುಮತಾಜಳ ಮುಂದೆ ಕೂಗಾಡುತ್ತಿದ್ದಳು. ದಿಕ್ಕಿಲ್ಲದವನಿಗೆ ಹೇಳುವ ಮಾತನ್ನು ಬೇರೆ ದೇಶದವನಿಗೂ ಹೇಳುತ್ತಾರೆ ಎಂದು ಎಷ್ಟು ತಿಳಿಸಿ ಹೇಳಿದರೂ ಆಕೆಯ ತಲೆಗೆ ಹೋಗುತ್ತಿರಲಿಲ್ಲ.

ಸೈಫುದ್ದೀನ ಹುಟ್ಟಿದ್ದು ಇರಾಣ ದೇಶದ ಯಜ್ದ್ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ತೀರಿಕೊಂಡ ಮೇಲೆ ಅವನ ಚಾಚಾ, ಅಂದರೆ ತಂದೆಯ ತಮ್ಮ, ಹುಡುಗನ ಕೈ ಹಿಡಿದು ಆಗಬೋಟು ಎಂಬ ಉಗಿಹಡಗು ಹತ್ತಿಸಿ ಮುಂಬೈಗೆ ತಂದ. ಅಲ್ಲಿಂದ ರೈಲಿನಲ್ಲಿ ವಿಜಯಪುರ. ಸ್ಟೇಷನ್ ರಸ್ತೆಯಲ್ಲಿ ಚಾಚಾನದೊಂದು ಚಹಾದ ಅಂಗಡಿಯಿತ್ತು. ಹುಡುಗ ಕನ್ನಡ ಕಲಿತದ್ದು ಅಲ್ಲಿಯೇ, ಗಿರಾಕಿಗಳ ಬಾಯಿಂದ. ಎಲ್ಲರಂತೆ ಅವನೂ ಮೊದಲು ಬೈಗುಳ ಕಲಿತ, ಆಮೇಲೆ ಮಾತು.

ಬಂದ ಹೊಸದರಲ್ಲಿ ಒಂದು ಗಮ್ಮತ್ತು ನಡೆಯಿತು. ನಿಡೋಣಿಯ ಬಸಗೊಂಡಪ್ಪನೆಂಬ ಒಕ್ಕಲಿಗ, ಆಗಿನ್ನೂ ಹರೆಯದವನು, ಅಂಗಡಿಯಲ್ಲಿ ಚಹಾ ಕುಡಿದು, ಪಟಕಾ ಝಾಡಿಸಿ ತಲೆಗೆ ಸುತ್ತಿಕೊಂಡು, "ಬರ್ತೇನಪಾ" ಎಂದು ಹೊರಟ. ಹುಡುಗನಿಗೆ ಅಷ್ಟರಲ್ಲಿ ಬರುವುದು, ಹೋಗುವುದು ಎಂಬ ಎರಡು ಮಾತು ತಿಳಿದಿದ್ದವು. ಬರ್ತೇನಿ ಅಂದನಲ್ಲ, ಹಾಗಾದರೆ ಬರುತ್ತಾನೆ ಎಂದು ಇನ್ನೊಂದು ಕಪ್ಪು ಚಹಾ ತುಂಬಿ, ಮೇಲೆ ಬಸಿ ಮುಚ್ಚಿ, ಬಾಗಿಲ ಕಡೆ ನೋಡುತ್ತ ಕುಳಿತ. ಚಹಾ ತಣ್ಣಗಾಯಿತು, ಕೆನೆಗಟ್ಟಿತು, ಬಸಗೊಂಡಪ್ಪ ಬರಲಿಲ್ಲ. ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಗನೇ, ಈ ಸೀಮೆಯಲ್ಲಿ ಹೋಗುವವರೆಲ್ಲ ಬರ್ತೇನಿ ಅಂತಲೇ ಹೋಗುತ್ತಾರೆ. ಹೋಗ್ತೇನಿ ಅನ್ನುವವರು ಇಬ್ಬರೇ. ಸಾಯುವವರು, ಇಲ್ಲವೇ ಜಗಳ ಮಾಡಿಕೊಂಡು ಎದ್ದವರು" ಎಂದು ತಮ್ಮ ಫಾರಸಿಯಲ್ಲಿ ತಿಳಿಸಿಕೊಟ್ಟ.

ಮುಂದಿನ ಸಂತೆಗೆ ಬಸಗೊಂಡಪ್ಪ ಬಂದೇ ಬಂದ. ಹುಡುಗ ತನಗಾಗಿ ಚಹಾ ಕಾದಿಟ್ಟ ಕತೆ ಕೇಳಿ, ಅವನ ಬೆನ್ನಿಗೆ ಪ್ರೀತಿಯಿಂದ ಒಂದು ಗುದ್ದು ಕೊಟ್ಟ. ಅಂದು ಬೆಳೆದ ಸ್ನೇಹ ಕೊನೆಯವರೆಗೂ ಉಳಿಯಿತು.

ಚಾಚಾ ಕಣ್ಣು ಮುಚ್ಚಿದ ಮೇಲೆ ಸೈಫುದ್ದೀನನಿಗೆ ಸ್ಟೇಷನ್ ರಸ್ತೆ ಬೇಸರವಾಯಿತು. ಕಿಟಲಿ, ಕಪ್ಪು ಬಸಿ ಕಟ್ಟಿಕೊಂಡು ತಿಕೋಟಾಕ್ಕೆ ಬಂದ. ಬಸ್ಸಿನಿಂದ ಇಳಿದವರ ಬಾಯಿ ಒಣಗಿರುತ್ತದೆ, ಹತ್ತುವವರಿಗೆ ಬಸ್ಸು ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ, ಇಬ್ಬರಿಗೂ ಚಹಾ ಬೇಕು. ಅಂಗಡಿ ಕುದುರಿತು. ಬಬಲೇಶ್ವರದ ಮಲ್ಲಿಕಸಾಬ ಎಂಬ ರೈತ ಇವನ ಚಹಾ ಕುಡಿದು, ಇವನ ನಡತೆ ನೋಡಿ, ತನ್ನ ಮಗಳು ಮುಮತಾಜಳನ್ನು ಕೊಟ್ಟ. ನೋಡಲಿಕ್ಕೆ ಬೆಳ್ಳಗೆ, ಉದ್ದಕ್ಕೆ, ಹಸಿರುಗಣ್ಣಿನವನು. ಮಾತಾಡಲಿಕ್ಕೆ ಬಾಯಿ ತೆರೆದರೆ ಮಾತ್ರ ಅಪ್ಪಟ ತಿಕೋಟಾ. ಹೊಸ ಗಿರಾಕಿಗಳು ಅವನ ಮುಖ ನೋಡಿ ಇಂಗ್ರೇಜಿಯವನೋ ಎಂದು ಅನುಮಾನಿಸುತ್ತಿದ್ದಾಗ ಅವನು, "ಏನ್ ಬೇಕಪಾ, ಬಡಬಡ ಹೇಳ, ಹಾಲ ಉಕ್ಕಾಕತ್ತೈತಿ" ಎಂದು ಒದರಿ ಅವರ ಬಾಯಿ ಮುಚ್ಚಿಸುತ್ತಿದ್ದ.

ಹೀಗಿರುವಾಗ, ಸ್ವಾತಂತ್ರ್ಯ ಬಂದು ಎರಡು ವರ್ಷದ ಮೇಲೆ, ೧೯೪೯ರಲ್ಲಿ, ಅವನ ಊರ ಕಡೆಯವನೊಬ್ಬ ಮುಂಬೈಯಿಂದ ಬಂದು ಸುದ್ದಿ ಹೇಳಿದ. ತಾಯಿ ಇನ್ನೂ ಗಟ್ಟಿಯಾಗಿದ್ದಾಳೆ, ಆದರೆ ಕಣ್ಣು ಮಸುಕಾಗುತ್ತಿವೆ. ಪೂರಾ ಕತ್ತಲಾಗುವ ಮೊದಲು ಮಗನ ಮುಖ ಒಮ್ಮೆ ನೋಡಬೇಕಂತೆ.

ಆ ದಿನ ಸೈಫುದ್ದೀನ ಚಹಾಕ್ಕೆ ಸಕ್ಕರೆ ಹಾಕಲು ಮರೆತ. ಒಬ್ಬ ಗಿರಾಕಿಯೂ ದೂರಲಿಲ್ಲ. ಹೋಗಬೇಕು ಎಂಬ ಆಸೆ ಅವನ ಎದೆಯಲ್ಲಿ ಹಾಲಿನಂತೆ ಉಕ್ಕಿ ಬಂದಿತ್ತು. ತಾಯಿಯ ಮುಖ ನೆನಪು ಮಾಡಿಕೊಳ್ಳಲು ಹೋದರೆ ಅವಳ ದಾಳಿಂಬೆ ಗಿಡ ನೆನಪಾಗುತ್ತಿತ್ತು, ಮುಖ ಮಾತ್ರ ಬರುತ್ತಿರಲಿಲ್ಲ. ಮುಮತಾಜಳಿಗೆ ಅದನ್ನು ಹೇಳಿಕೊಂಡು ಅತ್ತ.

"ಅಳ್ತೀರ್ಯಾಕ? ಎದ್ದ ಹೊಂಡ್ರಿ" ಎಂದಳು ಮುಮತಾಜ. "ಚಾ ನಾ ಕುದಸ್ತೇನಿ."

ಹೊರಡುವುದು ಅಷ್ಟು ಸುಲಭವಾಗಿರಲಿಲ್ಲ. ಕಚೇರಿಗೆ ಅಲೆದಲೆದು, ಇರಾಣಕ್ಕೆ ಹೋಗಿ ಮತ್ತೆ ಹಿಂದೂಸ್ತಾನಕ್ಕೆ ಮರಳಿ ಬರಬಹುದು ಎಂಬ ಪರವಾನಗಿಯ ಶಿಕ್ಕಾ ಹೊಡೆಸಿಕೊಂಡ. ಅದಾದ ಮೇಲೆ ನೋಡಿದರೆ ಪಾಸ್‌ಪೋರ್ಟಿನದೇ ಅವಧಿ ಮುಗಿಯುತ್ತ ಬಂದಿದೆ. ಮುಂಬೈಗೆ ಹೋಗಿ, ತನ್ನ ದೇಶದ ರಾಯಭಾರ ಕಚೇರಿಯಲ್ಲಿ ಹೊಸ ಪಾಸ್‌ಪೋರ್ಟು ಮಾಡಿಸಿಕೊಂಡು ಬಂದ. ಹೊಸದಕ್ಕೆ ಅಂಟಿನ ವಾಸನೆ, ಗರಿಗರಿ ಹಾಳೆ. ಅಂಗಡಿಗೆ ಬಂದವರಿಗೆಲ್ಲ ತೋರಿಸಿದ. ಈಗ ನಿಡೋಣಿಯ ಗೌಡನಾಗಿದ್ದ ಬಸಗೊಂಡಪ್ಪ ಅದನ್ನು ಹಿಂದೆ ಮುಂದೆ ತಿರುವಿ ನೋಡಿ ಹುಬ್ಬು ಗಂಟಿಕ್ಕಿದ.

"ಲೇ ಸೈಪ್ಯಾ, ಇದರಾಗ ಏನೂ ಇಲ್ಲಲೋ. ಬರೇ ಬಿಳಿ ಹಾಳಿ."

"ಅದನ ಹೇಳಾಕತ್ತೇನ್ರಿ ಗೌಡ್ರ. ಶಿಕ್ಕಾ ಎಲ್ಲಾ ಹಳೀ ಪುಸ್ತಕದಾಗ ಉಳದಾವ. ಬಿಜಾಪುರ ಕಚೇರ್ಯಾಗ ಅವನ್ನ ಇದಕ್ಕ ದಾಟಸ್ಕೋಬೇಕಂತ. ಇಲ್ಲಂದ್ರ ಇರಾಣಕ್ಕ ಮುಟ್ಟತೇನಿ, ಹೊಳ್ಳಿ ಮುಂಬೈಕ ಇಳದಾಗ ಒಳಗ ಬಿಡಂಗಿಲ್ಲ."

ಗೌಡನಿಗೆ ವಿಷಯದ ತೂಕ ಆಗ ಗೊತ್ತಾಯಿತು. ಶಿಕ್ಕಾ ದಾಟದಿದ್ದರೆ ಸೈಫುದ್ದೀನನಿಗೆ ತಾಯಿಯ ಮುಖ, ಇಲ್ಲವೇ ಹೆಂಡತಿಯ ಮುಖ, ಎರಡರಲ್ಲಿ ಒಂದೇ. ಕಚೇರಿಯವರು ಗುರುತಿನ ಒಬ್ಬ ಸಾಕ್ಷಿದಾರನನ್ನೂ ಕರೆತರಲು ಹೇಳಿದ್ದರು. "ನಾ ಬರ್ತೇನಿ ನಡಿ" ಎಂದ ಗೌಡ. ಇದು ನಿಜವಾಗಿಯೂ ಬರುವ ಬರ್ತೇನಿ.

ಹೊರಡುವ ಮುಂಚಿನ ದಿನ ಗಂಡ ಹೆಂಡತಿ ಬಬಲೇಶ್ವರಕ್ಕೆ ಹೋಗಿ ಮಾವನಿಗೆ ಸಲಾಮು ಮಾಡಿ ಬಂದರು. ಮಲ್ಲಿಕಸಾಬ ಬಿಳಿಜೋಳದ ಚೀಲ ತಂದು ಮುಂದಿಟ್ಟ. ತನ್ನ ಹೊಲದ ಜೋಳದ ರೊಟ್ಟಿ ಬೀಗತಿ ಒಮ್ಮೆ ತಿನ್ನಬೇಕಂತೆ. ಬೀಗತಿಗೆ ಹಲ್ಲಿವೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ರುದ್ರವ್ವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಕೊಟ್ಟಳು. ಮುಮತಾಜ ಕಟಕ ರೊಟ್ಟಿ ಸುಟ್ಟು ಸುಟ್ಟು ಬುತ್ತಿ ಕಟ್ಟಿದಳು. ಎಲ್ಲ ಕಟ್ಟಿ ಮುಗಿದ ಮೇಲೆ ಗಂಡನನ್ನು ಎದುರಿಗೆ ಕೂಡಿಸಿಕೊಂಡಳು.

"ಏನ್ರೀ, ಈ ಹೊಸ್ತಿಲಾ ದಾಟಿದ ಮ್ಯಾಗ, ತಿರುಗಿ ಇದ ಹೊಸ್ತಿಲಾ ತುಳಿಯೂತನಾ ಆ ಮಾತ ನಿಮ್ಮ ಬಾಯಾಗ ಬರಬಾರದ."

"ಯಾವ ಮಾತ?"

"ಯಾವ ಮಾತಂದ್ರ? ನಾ ಅಂದ ತೋರಸಲೇನ ಮತ್ತ? ಅನ್ನಬಾರದಂತನಾ ಹೇಳಾಕತ್ತೇನಿ!"

ಸೈಫುದ್ದೀನನಿಗೆ ತಿಳಿಯಿತು. ಮುಮತಾಜಳ ಅಣ್ಣ ಇಸಾಕ ಯುದ್ಧದ ಕಾಲದಲ್ಲಿ ತಂದೆಯೊಡನೆ ಜಗಳವಾಡಿ, "ಹೋಗ್ತೇನಿ" ಎಂದು ಕೂಗಿ ಮಿಲಿಟರಿ ಸೇರಿದವನು, ಬರ್ಮಾದ ಕಡೆ ಹೋಗಿ ಮರಳಲಿಲ್ಲ. ಆ ಮಾತು ಮಲ್ಲಿಕಸಾಬನ ಮನೆಯ ಅಂಗಳದಲ್ಲಿ ಇನ್ನೂ ಬಿದ್ದುಕೊಂಡಿತ್ತು. ಸೈಫುದ್ದೀನ ಹೆಂಡತಿಯ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದ.

ಮರುದಿನ ಬೆಳಿಗ್ಗೆ ತಿಕೋಟಾದ ಬಸ್ಸಿಗೆ ಮದುವೆಯ ದಿಬ್ಬಣದ ಕಳೆ. ಬಸ್ಸಿನ ತಲೆಯ ಮೇಲೆ ಟ್ರಂಕು, ಹಾಸಿಗೆ ಸುರುಳಿ, ಜೋಳದ ಚೀಲ. ಒಳಗೆ ಗೌಡ, ಮುಮತಾಜ, ರುದ್ರವ್ವ, ಮತ್ತೆ ಕೆಲಸವಿಲ್ಲದಿದ್ದರೂ ಹತ್ತಿದ ಅರ್ಧ ಓಣಿ. ಕಚೇರಿಯಲ್ಲಿ ಶಿಕ್ಕಾ ದಾಟಿಸಿಕೊಂಡು, ಅಲ್ಲಿಂದಲೇ ಸಂಜೆಯ ಗಾಡಿಗೆ ಸ್ಟೇಷನ್ನು. ಆಗಬೋಟಿನ ಟಿಕೀಟು ಮುಂಬೈಯಲ್ಲಿ, ಶಿಕ್ಕಾ ನೋಡಿದ ಮೇಲೆಯೇ ಕೊಡುವುದು. ಆ ಆಗಬೋಟು ತಪ್ಪಿದರೆ ಮುಂದಿನದು ಯಾವಾಗಲೋ, ಅಷ್ಟರಲ್ಲಿ ತಾಯಿಯ ಕಣ್ಣು ಏನಾಗುತ್ತವೋ. ಸೈಫುದ್ದೀನ ದಾರಿಯುದ್ದಕ್ಕೂ ಎರಡೂ ಪಾಸ್‌ಪೋರ್ಟುಗಳನ್ನು ಕೋಟಿನ ಒಳಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಕಚೇರಿಯಲ್ಲಿ ಈ ಕೆಲಸ ನೋಡುವ ಸಾಹೇಬರು ಹೊಸಬರು, ಉತ್ತರದ ಕಡೆಯವರು. ಕನ್ನಡ ಬಾರದು, ಮರಾಠಿಯೂ ಬಾರದು. ಕೆಟ್ಟವರಲ್ಲ. ಆದರೆ ಮಾತೆಂದರೆ ಮಾತು, ಅದಕ್ಕೆ ಹಿಂದೆ ಮುಂದೆ ಏನೂ ಇರಬಾರದು ಎನ್ನುವ ಸ್ವಭಾವ. ಕನ್ನಡದವರ ಮಾತನ್ನು ಹಿಂದಿಯಲ್ಲಿ ಹೇಳಲು ದಶರಥನೆಂಬ ಗುಮಾಸ್ತ ಪಕ್ಕದಲ್ಲಿದ್ದ. ಜೈನಾಪುರದವನು, ಮಿಲಿಟರಿಯಲ್ಲಿದ್ದು ಹಿಂದಿ ಕಲಿತು ಬಂದವನು. ಒಂದು ಮಾತಿಗೆ ನಾಲ್ಕು ಸೇರಿಸಿ ಹೇಳುವುದು ಅವನ ಚಟ. ಹಿಂದಿನ ವಾರವಷ್ಟೇ ಸಾಹೇಬರು, "ಅವರು ಹೇಳಿದ್ದಷ್ಟೇ ಹೇಳು, ನಿನ್ನ ಉಪ್ಪು ಖಾರ ಬೇಡ" ಎಂದು ಎಲ್ಲರೆದುರು ಗದರಿದ್ದರು. ಅಂದಿನಿಂದ ದಶರಥ ಮುಖ ಊದಿಸಿಕೊಂಡು, ಒಂದಕ್ಕೆ ಒಂದೇ ಮಾತು ಹೇಳುತ್ತ ಸೇಡು ತೀರಿಸಿಕೊಳ್ಳುತ್ತಿದ್ದ.

ಸಾಹೇಬರು ಎರಡೂ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು. ಹಳೆಯದರ ತುಂಬ ವರ್ಷವರ್ಷದ ಶಿಕ್ಕಾಗಳು, ಕೆಲವು ನೀಲಿ, ಕೆಲವು ಜಾಂಬಳಿ, ಒಂದರ ಮೇಲೆ ಚಹಾದ ಕಪ್ಪಿನ ಗುಂಡು ಕಲೆ. ಇಲ್ಲಿ ಇರುವುದಕ್ಕೆ ಕೊಟ್ಟ ಶಿಕ್ಕಾ ಹೊಸದಕ್ಕೆ ದಾಟುತ್ತದೆ, ಅದರಲ್ಲಿ ತಕರಾರಿಲ್ಲ ಎಂದರು. ಮರಳಿ ಬರುವ ಪರವಾನಗಿ ಮಾತ್ರ ನಿಜವಾಗಿ ದೇಶ ಬಿಟ್ಟು ಹೊರಡುವವನಿಗೆ. ಹೊರಡದವನಿಗೆ ಅದು ಬೇಡ. ಅಷ್ಟು ಹೇಳಿ, ಹಳೆಯ ಪುಸ್ತಕದ ಮೂಲೆ ಕತ್ತರಿಸಿ ರದ್ದು ಮಾಡಲು ಕತ್ತರಿ ಎಳೆದುಕೊಂಡು, ಹಿಂದಿಯಲ್ಲಿ ಕೇಳಿದರು.

"ನೀನು ಇರಾಣಕ್ಕೆ ಹೋಗುತ್ತಿದ್ದೀಯಾ?"

ಸೈಫುದ್ದೀನನ ಬಾಯಿಗೆ ಬಂದದ್ದು ನಮ್ಮ ಕಡೆಯ ದಖನಿ ಉರ್ದು. "ಜೀ ಸಾಬ್, ಆತೂಂ."

ಬರ್ತೇನಿ ಎಂದು ಹೇಳಿದ ಹಾಗಾಯಿತು. ಸಾಹೇಬರು ತಲೆಯೆತ್ತಿದರು. "ಬರುವುದನ್ನು ಕೇಳಲಿಲ್ಲ. ಹೋಗುತ್ತೀಯೋ?"

"ಆತೂಂ ಸಾಬ್."

ಸೈಫುದ್ದೀನನ ಹಣೆಯಲ್ಲಿ ಬೆವರು ಒಡೆಯಿತು. ಒಂದು ಮಾತು. ಅಂದುಬಿಟ್ಟರೆ ಮುಗಿಯುತ್ತದೆ. ಆದರೆ ಆಣೆ! ಆಣೆ ಇಲ್ಲದಿದ್ದರೂ ಊರಿಗೆ ಹೊರಟು ನಿಂತ ಹೊತ್ತಿನಲ್ಲಿ ಆ ಮಾತು ಅವನ ನಾಲಿಗೆಯಿಂದ ಹೊರಗೆ ಬೀಳುವ ಹಾಗಿರಲಿಲ್ಲ. ಸಾಹೇಬರು ಅವನ ಮುಖ ನೋಡಿದರು, ಖಾಲಿ ಹಾಳೆಯ ಹೊಸ ಪಾಸ್‌ಪೋರ್ಟು ನೋಡಿದರು, ಬಾಗಿಲಾಚೆ ಪಡಸಾಲೆಯಲ್ಲಿ ಒಟ್ಟಿದ ಟ್ರಂಕು, ಹಾಸಿಗೆ, ಚೀಲ ನೋಡಿದರು. ಅವರ ಕಣ್ಣು ಸಣ್ಣಗಾದವು.

"ಅಂದರೆ ಈಗಷ್ಟೇ ಇರಾಣದಿಂದ ಬಂದು ಇಳಿದಿದ್ದೀಯಾ? ಈ ಖಾಲಿ ಪಾಸ್‌ಪೋರ್ಟಿನ ಮೇಲೆ? ವೀಸಾ ಇಲ್ಲದೆ?"

ಸೈಫುದ್ದೀನನ ಜೀವ ಬಾಯಿಗೆ ಬಂತು. ಶಿಕ್ಕಾ ದಾಟಿಸಲು ಬಂದವನಿಗೆ ಈಗ ಬೇಡಿ ಬೀಳುವ ಹಾಗಾಯಿತು. ಸಾಹೇಬರು ಅವನಿಗೆ ಸುಮ್ಮನಿರು ಎಂದು ಕೈ ತೋರಿಸಿ, ಸಾಕ್ಷಿದಾರನನ್ನು ಕೇಳಲು ದಶರಥನಿಗೆ ಹೇಳಿದರು. ದಶರಥ ಎಷ್ಟಾದರೂ ಜೈನಾಪುರದವನು. ಟ್ರಂಕು ಕಟ್ಟಿ ನಿಂತವನ ಬಗ್ಗೆ ಅಪಶಕುನದ ಮಾತನ್ನು ಅವನಾದರೂ ಹೇಗೆ ಕೇಳಿಯಾನು?

"ಗೌಡ್ರ, ಇಂವಾ ಇವತ್ತ ಬರ್ತಾನೇನ್ರಿ?" ಎಂದ.

"ಹೌದ್ರಿ ಮತ್ತ. ಇವತ್ತ ಸಂಜೀ ಗಾಡಿಗೆ ಬರ್ತಾನ್ರಿ" ಎಂದ ಗೌಡ, ಎದೆ ಮುಂದೆ ಮಾಡಿ.

ದಶರಥ ಉಪ್ಪಿಲ್ಲದೆ, ಖಾರವಿಲ್ಲದೆ, ಅದನ್ನೇ ಹಿಂದಿಯಲ್ಲಿ ಒಪ್ಪಿಸಿದ. ಇವತ್ತು ಸಂಜೆಯ ಗಾಡಿಗೆ ಬರುತ್ತಾನೆ, ಸಾಹೇಬ್.

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ನನ್ನ ಕಣ್ಣೆದುರು ನಿಂತವನು ಸಂಜೆಯ ಗಾಡಿಗೆ ಬರುತ್ತಾನೆಯೇ?"

"ಹೌದಂತ್ರಿ" ಎಂದ ದಶರಥ, ಮುಖದ ಒಂದು ಗೆರೆಯೂ ಅಲುಗಿಸದೆ.

ಸಾಹೇಬರು ಕತ್ತರಿ ಕೈಗೆತ್ತಿಕೊಂಡರು. ಹಳೆಯ ಪುಸ್ತಕದ ಮೂಲೆ ಕತ್ತರಿಯ ಬಾಯಿಗೆ ಬಂತು. ಮರಳಿ ಬರುವ ಪರವಾನಗಿ ಆ ಪುಸ್ತಕದಲ್ಲೇ ಸಾಯುವುದು ಖಚಿತವೆಂದು ಸೈಫುದ್ದೀನನಿಗೆ ಕಂಡಿತು. ಅವನಿಗೆ ಗೊತ್ತಿಲ್ಲದೆಯೇ ಬಾಯಿಂದ ಕನ್ನಡದ ಕೂಗು ಹೊರಟಿತು. "ಯಪ್ಪಾ ಸಾಹೇಬ್ರ, ತಡೀರಿ!"

ಆ ಕೂಗಿಗೆ ಪಡಸಾಲೆಯಲ್ಲಿ ಬುತ್ತಿಯ ಗಂಟು ಕಾಯುತ್ತ ಕುಳಿತಿದ್ದ ಮುಮತಾಜ ಎದ್ದು ಬಂದಳು. ಸೆರಗು ಸರಿಪಡಿಸಿಕೊಂಡು ಬಾಗಿಲಲ್ಲಿ ನಿಂತು, ಏನಾಯಿತೆಂದು ಗೌಡನನ್ನು ಕೇಳಿದಳು. ಗೌಡ ಹೇಳಿದ. ಸಾಹೇಬರಿಗೆ ಆ ಮಾತೇ ಬೇಕಂತ, ಬ್ಯಾರೆ ಮಾತು ನಡೆಯಂಗಿಲ್ಲಂತ. ಆಕೆಯ ಮುಖ ಸಣ್ಣಗಾಯಿತು. ಅನ್ನದಿದ್ದರೆ ಗಂಡ ಮರಳಿ ಬರುವ ದಾರಿಯೇ ಮುಚ್ಚುತ್ತದೆ, ಆ ಮಾತು ಅಂದರೋ ಇಸಾಕನ ಗತಿ. ಅವಳ ಸಂಕಟ ಅವಳಿಗೇ ಗೊತ್ತು. ಕೊನೆಗೆ ತಲೆ ಕೊಡವಿದಳು.

"ಅನ್ರಿ. ಆಣಿ ಬಿಟ್ಟೇನಿ. ನಾ ಕಿವಿ ಮುಚ್ಚಕೊಂತೇನಿ, ನನಗ ಕೇಳಲಿಲ್ಲಂದ್ರ ನೀವ ಅಂದಂಗ ಅಲ್ಲ."

ಎರಡೂ ಅಂಗೈಯಿಂದ ಕಿವಿ ಬಿಗಿಯಾಗಿ ಮುಚ್ಚಿಕೊಂಡು ಕಣ್ಣನ್ನೂ ಮುಚ್ಚಿದಳು. ಅದನ್ನು ನೋಡಿ ಬಸಗೊಂಡಪ್ಪಗೌಡ ತನ್ನ ಪಟಕಾ ಸರಿಸಿ ಕಿವಿಗೆ ಬೆರಳು ತುರುಕಿಕೊಂಡ. ಬಾಗಿಲಾಚೆ ರುದ್ರವ್ವ, ಅವಳ ಹಿಂದೆ ಓಣಿಯ ಮಂದಿ, ಎಲ್ಲರ ಕೈಯೂ ಕಿವಿಗೆ ಹೋದವು. ದಶರಥ ಸಾಹೇಬರ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಬರೆಯುವ ಟಾಕು ಮೇಜಿನ ಮೇಲಿಟ್ಟು, ತಾನೂ ಕಿವಿ ಮುಚ್ಚಿಕೊಂಡ.

ಇಡೀ ಕಚೇರಿಯಲ್ಲಿ ಈಗ ಕಿವಿ ತೆರೆದಿದ್ದವರು ಇಬ್ಬರೇ, ಸಾಹೇಬರು ಮತ್ತು ಸೈಫುದ್ದೀನ. ಸೈಫುದ್ದೀನ ಎಂಜಲು ನುಂಗಿ ಬಾಯಿ ತೆರೆದ.

"ನಾ... ಹೋ..."

ಮತ್ತೊಮ್ಮೆ ಉಸಿರು ತೆಗೆದುಕೊಂಡ. "ಹೋ... ಹೋ..." ಕಿವಿ ಮುಚ್ಚಿಕೊಂಡ ಹೆಂಡತಿಯ ಮುಖ ನೋಡಿದ. ಅವಳ ತುಟಿ ನಡುಗುತ್ತಿದ್ದವು. ಅಷ್ಟೇ, ಕಟ್ಟೆ ಒಡೆಯಿತು. "ಹೋಗಿ ಬರ್ತೇನ್ರೀ ಸಾಹೇಬ್ರ! ಹೋಗಿ ಬರ್ತೇನಿ! ಬರ್ತೇನಿ!"

ಸಾಹೇಬರು ಕತ್ತರಿ ಕೆಳಗಿಟ್ಟರು. ಕಿವಿ ಮುಚ್ಚಿದ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಕೊನೆಗೆ ದಶರಥನ ತೋಳು ಹಿಡಿದು ಅವನ ಕೈಯನ್ನು ಕಿವಿಯಿಂದ ಕಿತ್ತರು. "ಇದೇನಿದು? ಹೇಳು. ಪೂರಾ ಹೇಳು."

"ಉಪ್ಪು ಖಾರ ಹಾಕಬಹುದೇ ಸಾಹೇಬ್?"

"ಹಾಕು!"

ಒಂದು ವಾರದ ಮಾತೆಲ್ಲ ದಶರಥನ ಹೊಟ್ಟೆಯಲ್ಲಿ ಕೂಡಿಬಿದ್ದಿತ್ತು. ಅವನು ಎದ್ದು ನಿಂತೇ ಹೇಳಿದ. ಈ ಸೀಮೆಯಲ್ಲಿ ಮನೆ ಬಿಟ್ಟು ಹೊರಡುವವನು ಯಾವ ಮಾತು ಆಡುತ್ತಾನೆ, ಯಾವ ಮಾತು ಆಡುವುದಿಲ್ಲ, ಆಡಿದವರು ಏನಾದರು. ಮುಮತಾಜಳ ಅಣ್ಣನ ವಿಷಯವನ್ನು ಗೌಡ ನಡುವೆ ಸೇರಿಸಿದ, ದಶರಥ ಅದನ್ನೂ ಹೇಳಿದ. ಸೈಫುದ್ದೀನ ಹುಡುಗನಾಗಿದ್ದಾಗ ಬರದ ಗಿರಾಕಿಗೆ ಚಹಾ ತುಂಬಿಟ್ಟು ಕಾದದ್ದನ್ನು ಗೌಡನೇ ನಗುತ್ತ ಹೇಳಿದ, ಅದನ್ನೂ ಹೇಳಿದ. ಸಾಹೇಬರು ನಗಲಿಲ್ಲ. ಮೇಜಿನ ಮೇಲಿನ ಎರಡು ಪುಸ್ತಕಗಳನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮ ಮನೆ ಲಾಹೋರಿನಲ್ಲಿತ್ತು" ಎಂದರು ಆಮೇಲೆ, ಸೈಫುದ್ದೀನನಿಗೇ, ಹಿಂದಿಯಲ್ಲಿ. "ಬೀಗ ಹಾಕಿ ಬೀದಿಯವರಿಗೆಲ್ಲ ಹೋಗುತ್ತೇವೆ ಎಂದೆವು. ನಮಗೆ ಯಾರೂ ಈ ಮಾತು ಕಲಿಸಿರಲಿಲ್ಲ."

ಮತ್ತೆ ಏನೂ ಕೇಳಲಿಲ್ಲ. ಹೊಸ ಪಾಸ್‌ಪೋರ್ಟಿನ ಮೊದಲ ಬಿಳಿ ಹಾಳೆ ಬಿಡಿಸಿ, ಹಳೆಯದರಿಂದ ನೋಡಿ ನೋಡಿ ತಾವೇ ಬರೆದರು, ಶಿಕ್ಕಾಕ್ಕೆ ಮಸಿ ತಾಗಿಸಿ ಧಡ್ ಎಂದು ಒತ್ತಿದರು. ಒಮ್ಮೆ ಇರುವುದಕ್ಕೆ, ಒಮ್ಮೆ ಮರಳಿ ಬರುವುದಕ್ಕೆ. ಆ ಸದ್ದಿಗೆ ಮುಮತಾಜ ಕಣ್ಣು ತೆರೆದಳು. ಕಿವಿ ಮುಚ್ಚಿದ್ದರೂ ಅದೊಂದು ಸದ್ದು ಅವಳಿಗೆ ಕೇಳಿ ಬಿಟ್ಟಿತ್ತು. ಹಳೆಯ ಪುಸ್ತಕದ ಮೂಲೆ ಕತ್ತರಿಸಿ, ಅದನ್ನೂ ಸೈಫುದ್ದೀನನ ಕೈಗೆ ಕೊಟ್ಟು, ಬಾಗಿಲವರೆಗೆ ಬಂದು ಸಾಹೇಬರು ತಮ್ಮ ಜೀವನದ ಮೊದಲ ಕನ್ನಡ ಮಾತಾಡಿದರು.

"ಹೋಗಿ ಬಾ."

ರುದ್ರವ್ವ ಪಡಸಾಲೆಯಲ್ಲೇ ಸಾಹೇಬರ ದೃಷ್ಟಿ ತೆಗೆದು ಬೆರಳ ನೆಟಿಗೆ ಮುರಿದಳು. ಆಮೇಲೆ ಒಂದೇ ಗದ್ದಲ. ಎರಡು ಟಾಂಗಾಗಳಲ್ಲಿ ಮಂದಿ, ಟ್ರಂಕು, ಜೋಳದ ಚೀಲ ಎಲ್ಲ ಹೇರಿಕೊಂಡು, ಸ್ಟೇಷನ್ ರಸ್ತೆಯಲ್ಲಿ ಹಾಡಿಕೊಂಡು ಹೋದರು. ಚಾಚಾನ ಹಳೆಯ ಅಂಗಡಿಯ ಮುಂದೆ ಸೈಫುದ್ದೀನ ಟಾಂಗಾ ನಿಲ್ಲಿಸಿ ಎಲ್ಲರಿಗೂ ಚಹಾ ಕುಡಿಸಿದ. ಅದನ್ನೀಗ ಬೇರೆಯವರು ನಡೆಸುತ್ತಿದ್ದರು, ಚಹಾ ನೀರುನೀರಾಗಿತ್ತು, ಆದರೂ ಅಂಥ ಚಹಾ ಯಾರೂ ಕುಡಿದಿರಲಿಲ್ಲ. ಗಾಡಿ ಬಂತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಸೈಫುದ್ದೀನ "ಬರ್ತೇನಿ" ಎಂದು ಕೂಗಿದ. ಗಾಡಿ ಸಿಳ್ಳು ಹಾಕಿ ಹೊರಟರೂ ಮುಮತಾಜ ಅಳಲಿಲ್ಲ. "ಬರ್ರಿ, ಲಗೂನ ಬರ್ರಿ" ಎಂದು ಗಾಡಿಯ ಜೊತೆ ಪ್ಲಾಟ್‌ಫಾರಂ ಮುಗಿಯುವವರೆಗೂ ಓಡಿದಳು.

ಅವನು ಬಂದ. ಮುಂಗಾರು ಮುಗಿದು ಜೋಳ ಬಿತ್ತುವ ಕಾಲಕ್ಕೆ ಬಂದ. ಮುಂಬೈ ಬಂದರಿನಲ್ಲಿ ಅಧಿಕಾರಿಯೊಬ್ಬ ಹಾಳೆ ತಿರುವಿ, ಶಿಕ್ಕಾ ನೋಡಿ, ಮಾತೇ ಆಡದೆ ಒಳಗೆ ಬಿಟ್ಟನಂತೆ. ತಿಕೋಟಾದಲ್ಲಿ ಬಸ್ಸಿನಿಂದ ಇಳಿದವನನ್ನು ಮೊದಲು ನೋಡಿದ್ದು ರುದ್ರವ್ವ. ಅವಳ ಕೂಗು ಊರಿಗೆಲ್ಲ ಕೇಳಿತು. ಅಂಗಡಿಯಲ್ಲಿ ಮುಮತಾಜ ಕಿಟಲಿ ಹಿಡಿದು ನಿಂತಿದ್ದಳು. ಇಷ್ಟು ದಿನ ಅವಳು ಕುದಿಸಿದ ಚಹಾ ಗಂಡನದಕ್ಕಿಂತ ರುಚಿ ಎಂದು ಊರು ಮಾತಾಡಿಕೊಳ್ಳುತ್ತಿತ್ತು, ಅದನ್ನು ಆ ದಿನ ಯಾರೂ ಬಾಯಿಬಿಡಲಿಲ್ಲ.

ಮಂದಿ ಕರಗಿದ ಮೇಲೆ ಗಂಡ ಹೆಂಡತಿ ಒಲೆಯ ಹತ್ತಿರ ಕುಳಿತರು. ಅವನು ಎಲ್ಲ ಹೇಳಿದ. ತಾಯಿ ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ್ದು. ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದದ್ದು. ಶೇಂಗಾ ಹಿಂಡಿಯ ಖಾರಕ್ಕೆ ಕಣ್ಣೀರು ಸುರಿಸಿ ಇನ್ನಷ್ಟು ಕೇಳಿದ್ದು.

"ಹೊಂಡೂ ಮುಂದ ಅತ್ತೆವ್ವಗ ಏನಂದ್ರಿ?" ಎಂದಳು ಮುಮತಾಜ.

ಸೈಫುದ್ದೀನ ಕಟ್ಟಿಗೆ ಒಲೆಯೊಳಗೆ ಸರಿಸಿದ.

"ಅಲ್ಲಿ ಮಂದಿ ಹಂಗ ಅನ್ನಂಗಿಲ್ಲ. ಹೊಂಟವರ ಹೊಂಟೇನಿ ಅಂತನಾ ಅಂತಾರ. ನನಗ ಬಾಯಾಗ ಬರಲಿಲ್ಲ. ನಮ್ಮ ಮಾತನ ಫಾರಸಿಯೊಳಗ ಅಂದಬಿಟ್ನಿ, ಬರ್ತೇನಿ ಯವ್ವಾ ಅಂತ. ಗಾಡಿ ಹತ್ತಿ ಹೊಳ್ಳಿ ನೋಡತೇನಿ..." ಅವನ ದನಿ ಒಡೆಯಿತು. "ಬಾಗಲ ಮುಂದ ಕುಂತಾಳ. ಬಾಜೂಕ ಇನ್ನೊಂದ ಗಿಲಾಸ ಚಾ ತುಂಬಿ, ಮ್ಯಾಗ ಮುಚ್ಚಿ ಇಟಗೊಂಡಾಳ. ನಾ ಬರ್ತೇನಿ ಅಂದೇನಲ್ಲ, ಅದಕ್ಕ."

ಒಲೆಯ ಮೇಲೆ ಹಾಲು ಉಕ್ಕಿ ಬೆಂಕಿಗೆ ಸುರಿಯಿತು. ಇಬ್ಬರೂ ಅದನ್ನು ಇಳಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮುಮತಾಜ ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಪೆಟ್ಟಿಗೆಯಿಂದ ಮದುವೆಯ ಸೀರೆ ತೆಗೆದಳು.

"ನಾಳೆ ಬಿಜಾಪುರಕ್ಕ ನಡೀರಿ" ಎಂದಳು. "ಪಾಸ್‌ಪೋರ್ಟಿಗೆ ಫೋಟೋ ಬೇಕಾಗತೈತಿ. ಈ ಸಲ ನಂದೂ."